ಕಿವಿಯಿಂದ ನೋಡಿದ ವೆಬ್‌ಸೈಟ್

ಗೆಳೆಯರೇ, ಇವತ್ತು ನಮ್ಮ ಜಯನಗರದ ಆಫೀಸಿನಲ್ಲಿ ನನ್ನ ಜಂಬ ಎರಡೇ ನಿಮಿಷದಲ್ಲಿ ಇಳಿದುಹೋಯಿತು.

ಪದ್ಮನಾಭನಗರದಲ್ಲಿ ಅಂಧರಿಗೆ ಕಂಪ್ಯೂಟರ್ ಕಲಿಸುವ ನಾಗರಾಜ್ ಸಾರ್‌ಗೆ ನಾವು ವೆಬ್‌ಸೈಟ್ ಮಾಡುತ್ತಿದ್ದೇವೆ. ಅವರಿಗೂ ಕಣ್ಣು ಕಾಣುವುದಿಲ್ಲ. ನಾನು ಮೂರು ವಾರ ಕೂತು ಮಾಡಿದ ಪುಟವನ್ನು ಅವರು ಇವತ್ತು ಬಂದು, ಪರದೆಯಲ್ಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್ ಹಾಕಿ ಕೇಳಿದರು. ಆ ದನಿ ಎಷ್ಟು ವೇಗವಾಗಿ ಓಡುತ್ತಿತ್ತೆಂದರೆ ನಮಗೆ ಒಂದಕ್ಷರವೂ ತಿಳಿಯಲಿಲ್ಲ. ಅವರು ಮಾತ್ರ ತಲೆ ಓರೆ ಮಾಡಿಕೊಂಡು ಎಲ್ಲವನ್ನೂ ಕೇಳಿಸಿಕೊಂಡರು.

"ಸಖತ್ತಾಗಿದೆ ಅಂತ ಎಲ್ರೂ ಹೇಳ್ತಿದಾರೆ. ನಂಗೆ ಬರೀ ಚಿತ್ರ, ಚಿತ್ರ, ಚಿತ್ರ ಅಂತ ಕೇಳಿಸ್ತಮ್ಮಾ. ನಮ್ಮಲ್ಲಿ ಸೇರ್ಕೊಳ್ಳೋದು ಹೇಗೆ ಅಂತ ಎಲ್ಲಿ ಬರ್ದಿದೀರಾ?" ಎಂದರು.

ಚಂದ ಕಾಣಲೆಂದು ಅದನ್ನೂ ನಾನು ಚಿತ್ರದೊಳಗೇ ಬರೆದಿದ್ದೆ. ಚಿತ್ರದೊಳಗಿನ ಅಕ್ಷರಗಳನ್ನು ಆ ಸಾಫ್ಟ್‌ವೇರ್ ಓದುತ್ತಿರಲಿಲ್ಲ, ಬರೀ 'ಚಿತ್ರ' ಅಂದು ಮುಂದೆ ಹೋಗುತ್ತಿತ್ತು.

ನಮ್ಮ ಬಾಸ್ ಸುಧಾ ಮೇಡಂ ಒಂದು ಸಬೂಬೂ ಹೇಳಲಿಲ್ಲ. ಎದ್ದು ಬಂದು ನನ್ನ ಮಾನಿಟರ್ ಆಫ್ ಮಾಡಿದರು. "ಸಾರ್, ನೀವು ಹೇಗೆ ಕೇಳ್ತೀರಾ ಅಂತ ಮೊದ್ಲು ನಮಗೆ ಕಲಿಸಿ. ಆಮೇಲೆ ಹೊಸದಾಗಿ ಶುರು ಮಾಡ್ತೀವಿ" ಎಂದರು.

ನಾಗರಾಜ್ ಸಾರ್ ನಗುತ್ತಾ ದನಿಯನ್ನು ನಮಗೋಸ್ಕರ ನಿಧಾನ ಮಾಡಿದರು. ನಾನು ಕಪ್ಪು ಪರದೆಯ ಮುಂದೆ ಕೂತು ಅರ್ಧ ಗಂಟೆ ಹುಡುಕಿದೆ. ನಾನೇ ಮಾಡಿದ ಪುಟದಲ್ಲಿ ಫೋನ್ ನಂಬರ್ ನನಗೇ ಸಿಗಲಿಲ್ಲ.