ಗೊತ್ತಿಲ್ಲ ಎನ್ನುತ್ತಿದ್ದ ಡಾಕ್ಟರಮ್ಮ

ಭುಜದವರೆಗೆ ರಬ್ಬರಿನ ಗ್ಲೌಸ್ ತೊಟ್ಟು, ನಮ್ಮ ಹಸುವಿನ ಹಿಂದೆ ಗಮ್‌ಬೂಟಿನಲ್ಲಿ ನಿಂತಿದ್ದ ಹೆಂಗಸೊಬ್ಬರು ತಲೆಯೆತ್ತಿ, "ನಂಗೆ ಗೊತ್ತಿಲ್ಲ ಮಾರಾಯ್ರೇ" ಎಂದರು. ಡಾಕ್ಟರ್ ಪೂವಮ್ಮನವರನ್ನು ನಾನು ಮೊದಲು ಕಂಡದ್ದು ಹೀಗೆ.

ಮಕ್ಕಳೇ, ನೀವಿಬ್ಬರೂ ಅವರನ್ನು ನೋಡಿಲ್ಲ. ದೊಡ್ಡವಳು ಮೊನ್ನೆ ಫೋನಿನಲ್ಲಿ, "ಅಜ್ಜಿ, ಹೊರದೇಶಕ್ಕೆ ಹೋಗಿ ಓದಿದರೆ ನಿಜವಾಗಿ ಏನು ಸಿಗುತ್ತೆ?" ಎಂದು ಕೇಳಿದೆಯಲ್ಲ. ಇಂಥದ್ದನ್ನು ಫೋನಿನಲ್ಲಿ ಹೇಳಿ ನನಗೆ ಅಭ್ಯಾಸವಿಲ್ಲ. ಬರೆಯುವುದಾದರೆ ನನಗೆ ಅಷ್ಟು ಸಂಕೋಚವಿಲ್ಲ. ಅದಕ್ಕೇ ಅವರ ಬಗ್ಗೆ ಬರೆಯುತ್ತಿದ್ದೇನೆ.

ಆ ವರ್ಷ ನಮ್ಮ ಕೊಟ್ಟಿಗೆಯಲ್ಲಿ ಎರಡು ಹಸುಗಳು ಒಂದರ ಹಿಂದೆ ಒಂದು ದಿನ ತುಂಬುವ ಮೊದಲೇ ಕಂದು ಹಾಕಿದ್ದವು. ಕುಶಾಲನಗರದ ಕಡೆಯ ನಮ್ಮ ಪಶು ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಪೂವಮ್ಮನವರು ಸ್ಕಾಟ್ಲೆಂಡಿನಲ್ಲಿ ಓದಿ ಬಂದವರು ಎಂದು ಊರೆಲ್ಲ ಸುದ್ದಿಯಾಗಿತ್ತು. ಅಂಥವರ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತು ಬಂದಾಗ ನನ್ನ ಮಾವ, ಅಂದರೆ ನಿಮ್ಮ ಮುತ್ತಜ್ಜ, ಸುಮ್ಮನಿರಲಿಲ್ಲ.

"ಅಷ್ಟ್ ದೂರ ಹೋಗಿ ಓದ್ ಬಂದವ್ರೆ ಅಂತರೆ, ಗೊತ್ತಿಲ್ಲ ಅಂತವ್ರಲ್ಲಪ್ಪ! ಅದನ್ನ ನಮ್ಮೂರ್ ನಾಟಿ ವೈದ್ಯನೂ ಹೇಳ್ತನೆ."

"ಇಲ್ಲ ಗೌಡ್ರೇ, ಅವ ಹೇಳುದಿಲ್ಲ. ಅದೇ ಕಷ್ಟ" ಎಂದು ಡಾಕ್ಟರಮ್ಮ ಗ್ಲೌಸ್ ಕಳಚಿ ತಾವೇ ಮೊದಲು ನಕ್ಕರು. ಆಮೇಲೆ ಬಾಗಿಲ ಹಿಂದೆ ನಿಂತಿದ್ದ ನನ್ನತ್ತ ತಿರುಗಿ, "ಹಾಲು ಕರೆಯುದು ನೀವಲ್ಲವಾ? ಅಲ್ಲಿ ಎಂತ ಮಾಡ್ತಾ ಇದ್ದೀರಿ? ಹೊರಗೆ ಬನ್ನಿ" ಎಂದರು. ಯಾವ ಹಸು ಎಲ್ಲಿಂದ ಬಂತು, ಎಷ್ಟನೇ ತಿಂಗಳಿಗೆ ಕಂದು ಹಾಕಿತು ಎಂದು ಕೇಳುತ್ತಾ ಹೋದರು. ಅರ್ಧಕ್ಕೆ ನನಗೂ ಉತ್ತರ ಗೊತ್ತಿರಲಿಲ್ಲ. "ಪರವಾಗಿಲ್ಲ. ಇಬ್ಬರೂ ಸೇರಿ ನೋಡುವ" ಎಂದರು.

ರಕ್ತ ತೆಗೆದು ಪರೀಕ್ಷೆಗೆ ಕಳಿಸಿ, ಕೆಲವು ದಿನಗಳಾದ ಮೇಲೆ ಮಳೆಯಲ್ಲಿ ಸ್ಕೂಟರಿನ ಮೇಲೆ ತಾವೇ ಬಂದರು. ಇದು ಹಸುವಿನಿಂದ ಮನುಷ್ಯರಿಗೂ ದಾಟುವ ರೋಗ, ಹಾಲು ಚೆನ್ನಾಗಿ ಕಾಯಿಸದೆ ಕುಡಿಯಬೇಡಿ, ಕರು ಹಾಕಿದ ಮೇಲೆ ಬೀಳುವ ಸತ್ತೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ ಎಂದು ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿದರು. "ಆವತ್ತು ಗೊತ್ತಿರ್ಲಿಲ್ಲ, ಇವತ್ತು ಗೊತ್ತಾಯ್ತು" ಎಂದು ಮಾವನ ಕಡೆ ನೋಡಿದರು. ಮಾವ ಮೀಸೆ ತಿರುವಿಕೊಂಡು ಎದ್ದು ಹೋದರು.

ಆಗ ನಿಮ್ಮಮ್ಮ ಶೈಲಾ ಶಾಲೆಗೆ ಹೋಗುತ್ತಿದ್ದಳು. ಅಂದಿನಿಂದ ಅವಳು ಡಾಕ್ಟರಮ್ಮನ ಬಾಲವಾದಳು. ಅವಳನ್ನು ಕರೆತರುವ ನೆಪದಲ್ಲಿ ನಾನೂ ಅವರ ಕ್ವಾರ್ಟರ್ಸಿಗೆ ಹೋಗುತ್ತಿದ್ದೆ. ಆ ಮನೆಯಲ್ಲಿ ಯಾವಾಗಲೂ ಕಾಫಿ ಬೀಜ ಹುರಿದ ವಾಸನೆ. ಬಂದವರ ಎದುರೇ ಬಾಣಲೆಯಲ್ಲಿ ಬೀಜ ಹುರಿದು, ಬಾಣಲೆಯನ್ನು ಒಬ್ಬೊಬ್ಬರ ಮೂಗಿನ ಹತ್ತಿರ ಹಿಡಿದು, ಆಮೇಲೆ ಪುಡಿ ಮಾಡುತ್ತಿದ್ದರು. ಇದೆಂಥ ಪದ್ಧತಿ ಎಂದು ನಾನು ಕೇಳಲಿಲ್ಲ, ಶೈಲಾ ಕೇಳಿದಳು.

"ಅಲ್ಲಿ ಓದುವಾಗ ನನ್ನ ರೂಮಿನಲ್ಲಿ ಇಥಿಯೋಪಿಯಾದ ಹುಡುಗಿ ಒಬ್ಬಳು ಇದ್ದಳು. ನಿಮ್ಮ ಮನೇಲಿ ಕಾಫಿ ಹೇಗೆ ಹುರೀತೀರಿ ಅಂತ ಕೇಳಿದ್ಳು. ನಾನು ಪಾಲಿಬೆಟ್ಟದವಳು, ಹುಟ್ಟಿದ್ದೇ ಕಾಫಿ ಗಿಡದ ಬುಡದಲ್ಲಿ. ಆದ್ರೆ ನಮ್ಮಪ್ಪ ಕೊಯ್ದದ್ದನ್ನೆಲ್ಲ ಲಾರಿಗೆ ಹಾಕಿ, ಅಂಗಡಿಯಿಂದ ಚಿಕೋರಿ ಬೆರೆಸಿದ ಪುಡಿ ತರುದು! ಅದನ್ನ ಕೇಳಿ ಅವಳು ಮಂಚದ ಮೇಲೆ ಬಿದ್ದು ಬಿದ್ದು ನಕ್ಳು. ನಮ್ಮ ತೋಟದ ಕಾಫಿ ಹೇಗಿರ್ತದೆ ಅಂತ ನಾನು ನೋಡಿದ್ದು ಊರಿಗೆ ವಾಪಸು ಬಂದ ಮೇಲೆ ಮಾರಾಯ್ತಿ. ನಗಬೇಡ, ನಿಮ್ಮ ಮನೇಲೂ ಅದೇ ಕತೆ ಅಲ್ವಾ?"

ಅದೇ ಕತೆ. ಬೇಲಿಯ ಪಕ್ಕದ ನಮ್ಮ ನಾಲ್ಕು ಗಿಡಗಳ ಬೀಜವನ್ನೂ ನಾವು ಮಾರಿಯೇ ಬಿಡುತ್ತಿದ್ದೆವು.

ಭಾಗಮಂಡಲದ ಮಳೆ ನೋಡಿದವಳಿಗೆ ಸ್ಕಾಟ್ಲೆಂಡಿನ ಮಳೆ ಬರೀ ಎಂಜಲು ಹಾರಿದ ಹಾಗೆ ಎಂದು ನಗಿಸುತ್ತಿದ್ದರು. ಅಲ್ಲಿ ಮೊದಲ ತಿಂಗಳು ದಿನಾ ಅತ್ತದ್ದನ್ನೂ ಮುಚ್ಚಿಡುತ್ತಿರಲಿಲ್ಲ.

ಶೈಲಾ ಪಶುವೈದ್ಯ ಓದಿ ಮುಗಿಸಿದಳು. ನಿಮ್ಮ ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ಆಗ ಅವಳಿಗೆ ಹಾಲೆಂಡಿನಲ್ಲಿ ಮುಂದೆ ಓದಲು ಸೀಟೂ ವಿದ್ಯಾರ್ಥಿವೇತನವೂ ಸಿಕ್ಕಿತು. ಮಾವ ಒಂದೇ ಮಾತಿನಲ್ಲಿ ಬೇಡ ಎಂದರು. ಶೈಲಾ ಊಟ ಬಿಟ್ಟಳು. ಮಾವನ ಎದುರು ನಿಂತು ಮಾತಾಡಿ ನನಗೆ ಅಭ್ಯಾಸವಿರಲಿಲ್ಲ. ಮದುವೆಯಾಗಿ ಬಂದಂದಿನಿಂದ ಹೇಳಬೇಕಾದದ್ದನ್ನು ನಿಮ್ಮ ಅಜ್ಜನ ಮೂಲಕವೇ ಹೇಳಿಸುತ್ತಿದ್ದೆ. ಈಗ ಡಾಕ್ಟರಮ್ಮನ ಬಳಿ ಹೋಗಿ, ನೀವು ಬಂದು ಒಂದು ಮಾತು ಹೇಳಿ ಎಂದು ಬೇಡಿಕೊಂಡೆ.

ಅವರು ಬಂದರು. ಜಗಲಿಯಲ್ಲಿ ಮಾವನ ಎದುರು ಕುಳಿತರು. ನಾನು ಅಡುಗೆಮನೆ ಬಾಗಿಲ ಹಿಂದೆ ಲೋಟ ಹಿಡಿದು ನಿಂತಿದ್ದೆ.

"ಅಲ್ಲಿಗೋಗಿ ಓದಿದ್ರೆ ಏನ್ ಕೋಡ್ ಬತ್ತದಾ? ಇಲ್ಲಿರೋ ಹಸ ಹಸ ಅಲ್ವಾ?" ಎಂದರು ಮಾವ.

"ಹಸು ಅದೇ ಗೌಡ್ರೇ. ಇಲ್ಲಿ ನಾನು ಬಾಯಿಪಾಠ ಮಾಡಿ ಫಸ್ಟ್ ಬಂದವಳು. ಅಲ್ಲಿ ಮೊದಲನೇ ವಾರ ಪ್ರೊಫೆಸರು ಒಂದು ದನ ತೋರ್ಸಿ, ನಿನಗೆ ಎಂತ ಅನ್ನಿಸ್ತದೆ ಅಂತ ಕೇಳಿದ್ರು. ಪುಸ್ತಕದಲ್ಲಿ ಎಂತ ಉಂಟು ಅಂತ ಅಲ್ಲ, ನಿನಗೆ ಎಂತ ಅನ್ನಿಸ್ತದೆ ಅಂತ. ಇಪ್ಪತ್ತನಾಲ್ಕು ವರ್ಷ ನನ್ನನ್ನ ಯಾರೂ ಹಾಗೆ ಕೇಳಿರ್ಲಿಲ್ಲ. ಸುಮ್ಮನೆ ನಿಂತೆ. ನಾನು ಬಾಯಿ ಬಿಡುವವರೆಗೆ ಅವರು ಕಾದ್ರು. ಬಯ್ಯಲಿಲ್ಲ, ಪಕ್ಕದವಳನ್ನೂ ಕೇಳಲಿಲ್ಲ. ಅಲ್ಲಿ ನಾನು ಕಲ್ತದ್ದು ಅದೇ."

ಮಾವ ವೀಳ್ಯದೆಲೆಗೆ ಸುಣ್ಣ ಹಚ್ಚಿದರು. "ಅದಿರ್ಲಿ. ಹುಡ್ಗಿ ವಾಪಸ್ ಬತ್ತದಾ?"

ಇದೊಂದಕ್ಕೆ ಉತ್ತರ ಬೇಕಿತ್ತು. ಖಂಡಿತ ಬರುತ್ತಾಳೆ ಎಂದು ಅವರು ಹೇಳಲಿ ಎಂದೇ ನಾನು ಕರೆಸಿದ್ದು.

"ಗೊತ್ತಿಲ್ಲ" ಎಂದರು ಡಾಕ್ಟರಮ್ಮ.

"ಕೇಳ್ದೇನವ್ವಾ?" ಮಾವ ಬಾಗಿಲ ಕಡೆ ಕೂಗಿದರು. "ನೀ ಕರ್ಸಿದ ಡಾಕ್ಟ್ರೇ ಗೊತ್ತಿಲ್ಲ ಅಂತವ್ರೆ. ಮುಗೀತಲ್ಲ."

ಡಾಕ್ಟರಮ್ಮನ ಮೇಲೆ ನನಗೆ ಬಂದ ಸಿಟ್ಟು ಹೇಳತೀರದು. ಒಳಗೆ ಶೈಲಾ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಡಾಕ್ಟರಮ್ಮ ಏಳಲಿಲ್ಲ. "ಹುಡುಗಿಯ ತಾಯಿಗೆ ಎಂತ ಅನ್ನಿಸ್ತದೆ ಅಂತ ಒಂದು ಸಲ ಕೇಳಿ ಗೌಡ್ರೇ" ಎಂದು ಬಾಗಿಲ ಕಡೆ ತಿರುಗಿದರು. ಅವರು ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು.

ಲೋಟ ಕೆಳಗಿಟ್ಟು ಜಗಲಿಗೆ ಬಂದೆ. "ಬರ್ದೇ ಇದ್ರೂ ಹೋಗ್ಲಿ ಮಾವ" ಎಂದೆ. "ಅವ್ಳು ಓದ್ಲಿ. ಹಸ ನಾನ್ ನೋಡ್ಕೊತೀನಿ. ನಿಮ್ಮನ್ನೂ ನೋಡ್ಕೊತೀನಿ. ಅವ್ಳನ್ನ ಹಿಡ್ಕೋಬ್ಯಾಡಿ."

ಮಾವ ಬಾಯಿಗೆ ಹೋಗುತ್ತಿದ್ದ ಎಲೆಯನ್ನು ಹಾಗೇ ಹಿಡಿದು ನನ್ನನ್ನು ನೋಡಿದರು. "ಇಷ್ಟ್ ವರ್ಸದಲ್ಲಿ ಇವತ್ ಬಾಯ್ ಬಿಟ್ಟವ್ಳೆ. ಇನ್ ಇಲ್ಲ ಅಂದ್ರೆ ಇನ್ನೇನ್ ಅಂತಳೋ" ಎಂದು ಎಲೆ ಅಗಿದರು. "ಅಲ್ಲಿ ಬೋ ಚಳಿಯಂತೆ. ನನ್ ಕಂಬ್ಳಿ ಕೊಟ್ ಕಳ್ಸು."

ನಿಮ್ಮ ಮನೆಯ ಸೋಫಾದ ಮೇಲೆ ಇದೆಯಲ್ಲ, ಅದೇ ಕಂಬಳಿ.

ಗೇಟಿನವರೆಗೆ ಹೋಗಿ ಡಾಕ್ಟರಮ್ಮನನ್ನು ಕೇಳಿಯೇ ಬಿಟ್ಟೆ. "ಬತ್ತಾಳೆ ಅಂತ ಒಂದ್ ಮಾತು ಹೇಳಿದ್ರೆ ನಿಮ್ಗೇನ್ ಹೋಗ್ತಿತ್ತು?"

"ನಾನು ಹಾಗೆ ಹೇಳಿ ಅವಳು ಬರದೆ ಇದ್ರೆ, ಮಾತಿಗೆ ತಪ್ಪಿದವಳು ಅವಳಾಗ್ತಿದ್ಳು. ಈಗ ಎಲ್ಲಿ ಇದ್ರೂ ಅವಳಿಗೆ ಆ ಭಾರ ಇಲ್ಲ. ಮತ್ತೆ, ನೀವು ಚೆನ್ನಾಗಿ ಮಾತಾಡ್ತೀರಿ ಮಾರಾಯ್ತಿ" ಎಂದು ಸ್ಕೂಟರ್ ಒದ್ದರು.

ಹಾಲೆಂಡಿನಲ್ಲಿ ನಿಮ್ಮಮ್ಮ ನೇಪಾಳ, ಘಾನಾ, ಚೀನಾದ ಹುಡುಗಿಯರ ಜೊತೆ ಒಂದೇ ಅಡುಗೆಮನೆಯಲ್ಲಿ ಬೇಯಿಸಿಕೊಂಡು ತಿಂದಳು. ಎದುರುಗಾಳಿಯಲ್ಲಿ ಸೈಕಲ್ ತುಳಿದಳು. ಒಂದು ಪರೀಕ್ಷೆಯಲ್ಲಿ ಫೇಲಾದಳು. ಅದನ್ನು ಭಾನುವಾರದ ಫೋನಿನಲ್ಲಿ ತಾನೇ ಹೇಳಿ, "ಎಲ್ಲಿ ತಪ್ಪಿದೆ ಅಂತ ಹೋಗಿ ಕೇಳಿದೆ ಅಮ್ಮ, ಕೂರಿಸಿಕೊಂಡು ತೋರಿಸಿದ್ರು" ಎಂದಳು. ಊರಿನಲ್ಲಿದ್ದಾಗ ಒಂದು ಅಂಕ ಕಡಿಮೆ ಬಂದರೂ ಬಚ್ಚಿಡುತ್ತಿದ್ದ ಹುಡುಗಿ ಅವಳು. ಧಾರವಾಡದ ನಿಮ್ಮಪ್ಪ ಪರಿಚಯವಾದದ್ದೂ ಅಲ್ಲೇ. ಕೊಡಗಿನ ಮೂಲೆಯಿಂದ ಧಾರವಾಡಕ್ಕೆ ಹಾಲೆಂಡಿನ ದಾರಿ ಹಿಡಿದು ಹೋದವಳು ಅವಳೊಬ್ಬಳೇ ಇರಬೇಕು. ಕೊನೆಗೆ ಇಬ್ಬರೂ ವಾಪಸು ಬಂದರು. ಬಾರದಿದ್ದರೂ ನಾನು ಇದನ್ನೇ ಬರೆಯುತ್ತಿದ್ದೆ.

ಅವಳು ಬಂದದ್ದನ್ನು ಡಾಕ್ಟರಮ್ಮ ನೋಡಲಿಲ್ಲ. ಅವಳು ಅಲ್ಲಿ ಓದುತ್ತಿದ್ದಾಗಲೇ, ಕಾಯಿಲೆಯೆಂದು ಯಾರಿಗೂ ತಿಳಿಯುವ ಮೊದಲೇ ತೀರಿಕೊಂಡರು. ಸುದ್ದಿ ಕೇಳಿದ ಬೆಳಗ್ಗೆ ನಾನು ಹಾಲು ಕರೆದಿಟ್ಟು, ಸಿದ್ದಾಪುರದಲ್ಲಿ ಬಸ್ ಬದಲಿಸಿ, ಕೇಳಿಕೊಂಡು ಕೇಳಿಕೊಂಡು ಪಾಲಿಬೆಟ್ಟದ ಅವರ ಮನೆಗೆ ಹೋದೆ. ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು. ಅಂಗಳದ ತುಂಬ ಬಿಳಿ ಬಟ್ಟೆ ತೊಟ್ಟ ಜನ. ಒಬ್ಬರದೂ ಗುರುತಿಲ್ಲ. ಡಾಕ್ಟರಮ್ಮನ ಮುಖ ನೋಡಿ, ಕೈಮುಗಿದು, ಒಂದು ಮೂಲೆಯಲ್ಲಿ ನಿಂತೆ.

ವಯಸ್ಸಾದ ಹೆಂಗಸೊಬ್ಬರು ಬೆಂಚಿನಿಂದ ಕೇಳಿದರು. "ನೀವು ಯಾರ ಕಡೆಯವರು? ಪೂವಿಗೆ ಎಂತ ಆಗ್ಬೇಕು?"

ಹಿಂದೆಲ್ಲ ಯಾರಾದರೂ ಹೀಗೆ ಕೇಳಿದರೆ ನಾನು ಮಾವನ ಹೆಸರನ್ನೋ ಗಂಡನ ಹೆಸರನ್ನೋ ಹೇಳಿ ಮುಗಿಸುತ್ತಿದ್ದೆ.

"ಇವ್ರು ನಮ್ ಹಸ ನೋಡ್ತಿದ್ರು. ನನ್ ಮಗಳು ಹೊರದೇಶದಲ್ಲಿ ಓದ್ತಾವ್ಳೆ" ಎಂದೆ. "ಕಳ್ಸಿದವ್ಳು ನಾನು."

ಆಕೆ ಸೀರೆಯ ನೆರಿಗೆ ಎಳೆದುಕೊಂಡು, ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.