ಅಪ್ಪ ಹುಟ್ಟಿಸಿದ ನೆಪ

ಸೊರಬದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನಾನು ಅಂದು ಬೆಳಿಗ್ಗೆ ಒಂಬತ್ತನೇ ಕ್ಲಾಸಿಗೆ ‘ಮೇಕ್ ಅಪ್’ ಎಂಬ ಕ್ರಿಯಾಪದ ಹೇಳಿಕೊಟ್ಟಿದ್ದೆ. ಮುಖಕ್ಕೆ ಪೌಡರ್ ಹಚ್ಚುವ ಅರ್ಥ ಬೇರೆ. ಇದು ಇಲ್ಲದ ಕಥೆಯನ್ನೋ ನೆಪವನ್ನೋ ತಲೆಯಿಂದ ಹುಟ್ಟಿಸಿ ಹೇಳುವುದು. “ತಡವಾಗಿ ಬಂದು ಬಸ್ಸು ಕೆಟ್ಟಿತ್ತು ಅಂತೀರಲ್ಲ, ಅದೇ” ಎಂದಾಗ ಹಿಂದಿನ ಬೆಂಚಿನವರು ನಕ್ಕರು. ಕ್ಲಾಸು ಮುಗಿಸಿ ಹೊರಬರುವಷ್ಟರಲ್ಲಿ ಶಿಕಾರಿಪುರದಿಂದ ಅಣ್ಣನ ಫೋನು.

“ಅಪ್ಪಗ ಸ್ವಲ್ಪ ಆರಾಮಿಲ್ಲ. ಲಗೂ ಬಾ.”

ನಮ್ಮ ಕಡೆ ಸಾವನ್ನು ಯಾರೂ ಫೋನಿನಲ್ಲಿ ಹೇಳುವುದಿಲ್ಲ. ತೀರಿಕೊಂಡವರಿಗೆ ‘ಆರಾಮಿಲ್ಲ’ ಎಂದೇ ಹೇಳಿ ಕರೆಸುತ್ತಾರೆ, ದಾರಿಯಲ್ಲಿ ಎದೆ ಒಡೆಯದಿರಲಿ ಅಂತ. ಅವ್ವ ಹೋದಾಗಲೂ ಅಣ್ಣ ಇದೇ ಮಾತು ಹೇಳಿದ್ದ. ಮತ್ತೇನನ್ನೂ ಕೇಳಲು ನನಗೆ ಧೈರ್ಯವಾಗಲಿಲ್ಲ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳುತ್ತಲೇ ಬಂದೆ. ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಹೂವಿನವನು ನನ್ನ ಮುಖ ನೋಡಿ, “ಯಾರು ಹೋದ್ರಕ್ಕ?” ಎಂದ.

“ನಮ್ಮಪ್ಪ” ಎಂದೆ. ನನ್ನ ಬಾಯಿಂದಲೇ ಬಂದ ಮಾತು ಕೇಳಿ ನನಗೇ ದಿಗಿಲಾಯಿತು. ಮಗಳಾದವಳು ಬರಿಗೈಯಲ್ಲಿ ಹೋಗುವುದುಂಟೇ? ಇದ್ದುದರಲ್ಲೇ ದೊಡ್ಡ ಸೇವಂತಿಗೆ ಹಾರ ಕೊಂಡೆ.

ಮನೆ ಮುಂದೆ ಜನ ಸೇರಿರಲಿಲ್ಲ. ಅದೂ ನನ್ನ ತಲೆಗೆ ಹೋಗಲಿಲ್ಲ. ಒಳಗೆ ನುಗ್ಗಿದರೆ ಅಪ್ಪ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದ. ಅತ್ತಿಗೆ ಗಂಜಿ ಕುಡಿಸುತ್ತಿದ್ದಳು.

ಸಾವಿನ ಸುದ್ದಿಗಿಂತ ಬದುಕಿದ್ದ ಅಪ್ಪನೇ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದ. ಸಂತೋಷ ಆಮೇಲೆ ಬಂತು. ಮೊದಲು ಬಂದದ್ದು ನಾಚಿಕೆ, ಅದರ ಹಿಂದೆಯೇ ಅಣ್ಣನ ಮೇಲೆ ಸಿಟ್ಟು. ಅಪ್ಪನಿಗೆ ರಾತ್ರಿಯಿಂದ ಜ್ವರವಂತೆ. ಪುಣ್ಯಾತ್ಮ ಅಣ್ಣ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟಿದ್ದ! ಜೀವ ಇರುವವರ ಬಗ್ಗೆ ಯಾರಾದರೂ ‘ಆರಾಮಿಲ್ಲ’ ಅನ್ನುತ್ತಾರೆಯೇ? ಎರಡೂ ತೋಳಿನ ಮೇಲೆ ಹಾರ ಹೊತ್ತು ಕಂಬದಂತೆ ನಿಂತಿದ್ದೆ. ಅದನ್ನು ಬಚ್ಚಿಡುವುದಾದರೂ ಎಲ್ಲಿ?

“ಹೂವು ಯಾಕವ್ವ?” ಅಪ್ಪ ಕೇಳಿದ.

ಒಂದು ನೆಪ ಸಾಕಿತ್ತು. ಬೆಳಿಗ್ಗೆ ಅಷ್ಟೆಲ್ಲ ಪಾಠ ಹೇಳಿದವಳಿಗೆ ಒಂದೂ ಹುಟ್ಟಲಿಲ್ಲ.

ಅಪ್ಪ ಹಾರವನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಆಮೇಲೆ ಅತ್ತಿಗೆಯ ಕಡೆ ತಿರುಗಿದ.

“ನನಗ ಹುಷಾರಾಗ್ಲಿ ಅಂತ ದೇವ್ರಿಗೆ ತಂದಾಳ ನೋಡವ್ವ. ಫೋಟೋಕ್ಕ ಹಾಕು. ಉದ್ದ ಆತು, ಅರ್ಧ ಕತ್ತರಿಸು.”

ಅತ್ತಿಗೆ ಹಾರ ತೆಗೆದುಕೊಳ್ಳಲೆಂದು ಲೋಟವನ್ನು ಅವನ ಕೈಗೆ ಕೊಟ್ಟಳು. ಅಪ್ಪ ಅದನ್ನು ಕುಡಿಯದೆ, ತನ್ನ ಮೈಯುದ್ದದ ಆ ಹಾರವನ್ನೇ ನೋಡುತ್ತಿದ್ದ.