ಮುಖ ಯಾವ ಕಡೆ ತಿರುಗಿತ್ತು

"ಬಿದ್ದಾಗ ಮುಖ ಯಾವ ಕಡೆ ತಿರುಗಿತ್ತು?" ಎಂದು ಡಾಕ್ಟರ್ ಕೇಳಿದರು.

"ಎಡಕ್ಕೆ" ಎಂದೆ. ಹೇಳಿದ ಕೂಡಲೇ ಅನುಮಾನ ಬಂತು. ಅವನ ಎಡಕ್ಕೋ, ಎದುರು ನಿಂತಿದ್ದ ನನ್ನ ಎಡಕ್ಕೋ? ಅಥವಾ ಏನಾದರೊಂದು ಹೇಳಬೇಕಲ್ಲ ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆನೋ?

ನನ್ನ ಗಂಡ ಪಕ್ಕದ ಕುರ್ಚಿಯಲ್ಲಿ ಬೇರೆ ಯಾರದೋ ವಿಷಯ ಕೇಳುವವನಂತೆ ಕೂತಿದ್ದ. ಅವನಿಗೆ ಏನೂ ನೆನಪಿಲ್ಲ. ಮಾರ್ಚ್ ತಿಂಗಳ ಆ ಭಾನುವಾರ ಬೆಳಿಗ್ಗೆ ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯ ತಾರಸಿಗೆ ಬಟ್ಟೆ ಒಣಹಾಕಲು ಹೋದದ್ದು ನೆನಪಿದೆ. ಆಮೇಲೆ ತನ್ನ ಮೇಲೆ ಬಗ್ಗಿದ್ದ ಓನರ್ ಆಂಟಿಯ ಮುಖ ನೆನಪಿದೆ. ನಡುವಿನದ್ದು ನನ್ನ ಹತ್ತಿರ ಮಾತ್ರ ಇದೆ. ಇದೆ ಎಂದು ನಾನು ಅಂದುಕೊಂಡಿದ್ದೇನೆ.

ಬಕೆಟ್ ಉರುಳಿದ ಸದ್ದು ಕೇಳಿ ಮೇಲೆ ಓಡಿದೆ. ಅವನು ನೀರಿನ ಟ್ಯಾಂಕಿನ ಪಕ್ಕ ಬಿದ್ದಿದ್ದ. ಕೈಕಾಲು ಬಡಿದುಕೊಳ್ಳುತ್ತಿದ್ದವೋ, ಬರೀ ನಡುಗುತ್ತಿದ್ದವೋ? ಕಣ್ಣು ತೆರೆದಿತ್ತೋ, ಮುಚ್ಚಿತ್ತೋ? ನನ್ನ ಹಿಂದೆಯೇ ಬಂದ ಓನರ್ ಆಂಟಿ "ಕಬ್ಬಿಣ ಕೈಲಿಡ್ಬೇಕು, ಕಬ್ಬಿಣ" ಎನ್ನುತ್ತ ಬೀಗದ ಕೈಗಳ ಗೊಂಚಲನ್ನು ಅವನ ಮುಷ್ಟಿಗೆ ತುರುಕಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಆ ಗೊಂಚಲಿನಲ್ಲಿ ಹಿತ್ತಾಳೆಯ ಸಣ್ಣ ಗಣೇಶನಿದ್ದ. ಗಂಡನ ಮುಖ ನೋಡಬೇಕಾದ ಹೊತ್ತಿನಲ್ಲಿ ನಾನು ಗಣೇಶನನ್ನು ನೋಡುತ್ತಿದ್ದೆ.

"ಸ್ಕ್ಯಾನ್ ನಾರ್ಮಲ್. ಇಇಜಿನೂ ನಾರ್ಮಲ್" ಎಂದರು ಡಾಕ್ಟರ್. "ಆದ್ರೂ ಫಿಟ್ಸ್ ಅಲ್ಲ ಅಂತ ಹೇಳಕ್ಕಾಗಲ್ಲಮ್ಮ. ಬಿಸಿಲಿಗೆ ತಲೆ ಸುತ್ತಿ ಬಿದ್ರೂ ಕೈಕಾಲು ಸ್ವಲ್ಪ ಆಡುತ್ತೆ. ಇಂಥದ್ರಲ್ಲಿ ಮಿಷಿನ್ನಿಗಿಂತ ನೋಡಿದವ್ರು ಏನ್ ಹೇಳ್ತಾರೆ ಅನ್ನೋದೇ ಮುಖ್ಯ." ಮತ್ತೆ ಅವನ ಕಡೆ ತಿರುಗಿ, "ಚಿಕ್ಕವರಿದ್ದಾಗ ಯಾವತ್ತಾದ್ರೂ ಹಿಂಗಾಗಿತ್ತಾ?"

"ಏನೂ ಇಲ್ಲ ಸಾರ್. ಜ್ವರ ಬಂದಿದ್ದೂ ಕಡಿಮೆ."

ಒಂದೇ ಸಲಕ್ಕೆ ಮಾತ್ರೆ ಶುರು ಮಾಡುವುದು ಬೇಡ, ಕಾದು ನೋಡೋಣ ಎಂದಾಯಿತು. ಅಲ್ಲಿಯವರೆಗೆ ಗಾಡಿ ಓಡಿಸಬಾರದು, ಈಜಬಾರದು, ಎತ್ತರದಲ್ಲಿ ಒಬ್ಬನೇ ನಿಲ್ಲಬಾರದು, ಬಚ್ಚಲುಮನೆಯ ಚಿಲಕ ಹಾಕಬಾರದು. ಹೊರಡುವಾಗ ಡಾಕ್ಟರ್ ನನ್ನನ್ನು ನೋಡಿ, "ಇನ್ನೊಂದ್ಸಲ ಆದ್ರೆ ಗಾಬರಿಯಾಗ್ದೆ ಶುರುವಿಂದ ನೋಡಿ. ಮೊದಲು ಏನಾಯ್ತು, ಆಮೇಲೆ ಏನಾಯ್ತು" ಎಂದರು. ಅದನ್ನು ಕೇಳಿಸಿಕೊಂಡ ಮೇಲೆ ನನಗೆ ಎರಡು ಭಯ ಹುಟ್ಟಿಕೊಂಡವು. ಅವನು ಮತ್ತೆ ಬೀಳುತ್ತಾನೆ ಎಂಬುದು ಒಂದು. ಬಿದ್ದಾಗ ನಾನು ಮತ್ತೆ ಎಲ್ಲೋ ನೋಡುತ್ತಿರುತ್ತೇನೆ ಎಂಬುದು ಇನ್ನೊಂದು.

ಬೇಸಿಗೆ ಎಂದರೆ ನಮ್ಮ ಮನೆಗೆ ನೆಂಟರು ಬರುವ ಕಾಲ. ಬಂದವರನ್ನೆಲ್ಲ ಬೆಟ್ಟಕ್ಕೆ ಕರೆದುಕೊಂಡು ಹೋಗುವುದು ಮದುವೆಯಾದ ವರ್ಷದಿಂದಲೂ ನನ್ನ ಗಂಡನ ಖುಷಿ. ಮಾಲ್ ಬೇಡ, ಪಾರ್ಕ್ ಬೇಡ. ಬೆಳಕು ಹರಿಯುವ ಮೊದಲೇ ಚಿತ್ರಾನ್ನ ಕಟ್ಟಿಸಿಕೊಂಡು ಮಾಗಡಿ ರೋಡಿಗೋ ತುಮಕೂರು ರೋಡಿಗೋ ಬಿದ್ದರೆ ಅವನಿಗೆ ಹಬ್ಬ. ಈ ವರ್ಷ ಬೇಡ ಎಂದು ನಾನು ಬೇಡಿಕೊಂಡೆ.

"ಹೋಗ್ದೆ ಇದ್ರೆ ಅಮ್ಮಂಗೆ ಗೊತ್ತಾಗೋಗುತ್ತೆ ಕಣೇ" ಎಂದ. "ಅವಳಿಗೆ ಬಿಪಿ. ಫಿಟ್ಸ್ ಅನ್ನೋ ಮಾತು ಕಿವಿಗೆ ಬಿದ್ರೆ ಅವಳೇ ಮೊದಲು ಬೀಳ್ತಾಳೆ. ಕುತ್ತಿಗೆ ಉಳುಕಿದೆ ಅಂತೀನಿ, ಕಾರು ನೀನು ಓಡ್ಸು. ಸುಮ್ನೆ ಮೆಟ್ಟಿಲು ಹತ್ತಿ ಇಳಿಯೋದು, ಏನಾಗುತ್ತೆ?"

ಅತ್ತೆಗೆ ಹೇಳಬಾರದು ಎಂದು ಇಬ್ಬರೂ ಒಪ್ಪಿಕೊಂಡೆವು. ನಾನು ಅಷ್ಟು ಸುಲಭವಾಗಿ ಯಾಕೆ ಒಪ್ಪಿದೆ ಎಂದು ಈಗ ಕೇಳಿಕೊಂಡರೆ, ಹೇಳದಿದ್ದರೆ ಅದು ನಿಜವಾಗುವುದಿಲ್ಲ ಎಂದು ನನಗೂ ಎಲ್ಲೋ ಅನ್ನಿಸಿರಬೇಕು.

ಏಪ್ರಿಲ್‌ನಲ್ಲಿ ನನ್ನ ತಮ್ಮ, ಅವನ ಹೆಂಡತಿ ಬಂದರು. ಸಾವನದುರ್ಗಕ್ಕೆ ಹೋದೆವು. ಆ ಬೋಳು ಬಂಡೆಯ ಮೇಲೆ ನನ್ನ ಗಂಡ ಮೊದಲಿನ ಹಾಗೆಯೇ ಸಲೀಸಾಗಿ ಏರುತ್ತಿದ್ದ. ನಾನು ಅವನ ಹಿಮ್ಮಡಿ ನೋಡುತ್ತ ಹಿಂದೆಯೇ ಹೋಗುತ್ತಿದ್ದೆ. ಬಿದ್ದರೆ ಹಿಡಿಯುವ ಶಕ್ತಿ ನನಗೆಲ್ಲಿತ್ತು, ಇಬ್ಬರೂ ಒಟ್ಟಿಗೆ ಉರುಳುತ್ತಿದ್ದೆವು ಅಷ್ಟೆ.

"ಏನಕ್ಕಾ, ಇದೇನು ಎರಡನೇ ಹನಿಮೂನಾ?" ಎಂದು ತಮ್ಮ ಮೇಲಿನಿಂದ ಕೂಗಿದ. "ಭಾವನ್ನ ಬಿಟ್ಟು ಒಂದಡಿ ಆಚೆ ಹೋಗ್ತಿಲ್ಲ ನೀನು!"

"ನಿಮ್ಮಕ್ಕಂಗೆ ಈಗ ನನ್ನ ಬೆಲೆ ಗೊತ್ತಾಗಿದೆ ಕಣಯ್ಯ" ಎಂದು ಇವನು ನಕ್ಕ. ನಗು ಮುಗಿದ ಮೇಲೆ ಒಂದು ಕ್ಷಣ ದೂರ ನೋಡುತ್ತ ನಿಂತ. "ರೀ" ಎಂದೆ. "ಏನು?" "ಏನಿಲ್ಲ, ನೀರು ಬೇಕಾ?" "ನೀರು ಕುಡಿಸೇ ಸಾಯಿಸ್ತೀಯ ನೀನು." ಬರೀ ದೂರದ ಕೆರೆಯನ್ನು ನೋಡುತ್ತಿದ್ದನಂತೆ. ಆ ಬೇಸಿಗೆಯಲ್ಲಿ ಅವನು ಮಾತಿನ ನಡುವೆ ನಿಲ್ಲಿಸಿದಾಗಲೆಲ್ಲ, ಚಮಚ ಬೀಳಿಸಿದಾಗಲೆಲ್ಲ ನನ್ನಿಂದ ಆ "ರೀ" ಹೊರಬೀಳುತ್ತಿತ್ತು.

ಮೇ ತಿಂಗಳಲ್ಲಿ ಹಾಸನದಿಂದ ಅತ್ತೆ ಬಂದರು, ಜೊತೆಗೆ ನನ್ನ ನಾದಿನಿಯ ಮಗಳು. ಐದನೇ ಕ್ಲಾಸು ಮುಗಿಸಿದ ಹುಡುಗಿ, ಬಾಯಿ ಮುಚ್ಚಿದ್ದು ನಾನು ನೋಡಿಲ್ಲ. ಬಂದ ಮಾರನೇ ಬೆಳಿಗ್ಗೆಯೇ ಅತ್ತೆ ಕೇಳಿದರು:

"ಅವ್ನು ಯಾಕೆ ಸ್ನಾನಕ್ಕೆ ಹೋದ್ರೆ ಬಾಗಿಲು ಹಾಕ್ಕೊಳ್ಳಲ್ಲ?"

"ಚಿಲಕ ಹಾಳಾಗಿದೆ ಅತ್ತೆ."

"ನಂಗೆ ಸರಿಯಾಗೇ ಬಿತ್ತಲ್ಲ."

"ಒಂದೊಂದ್ಸಲ ಬೀಳುತ್ತೆ" ಎಂದು ನಾನು ಹುಣಸೆಹಣ್ಣು ಕಿವುಚತೊಡಗಿದೆ. ಅವರು ಮತ್ತೇನೂ ಕೇಳಲಿಲ್ಲ. ಅಂದು ಮಧ್ಯಾಹ್ನ ಹುಡುಗಿ ಶಿವಗಂಗೆ ಬೆಟ್ಟ ಎಂದು ಕುಣಿದಾಗ, "ನಾನೂ ಹತ್ತೀನಿ" ಎಂದರು.

"ಅಜ್ಜಿ, ನೀವಾ? ಮೆಟ್ಟಿಲು ನೋಡಿದ್ರೇನೇ ಅಯ್ಯೋ ಮಂಡಿ ಅಂತೀರ!"

"ನಿಂಗಿಂತ ಮುಂಚೆ ಹತ್ತಿ ಕೂತಿರ್ತೀನಿ ನೋಡ್ತಿರು."

ಹೋದ ವರ್ಷಗಳಲ್ಲೆಲ್ಲ ಅವರು ಬೆಟ್ಟದ ಬುಡದ ದೇವಸ್ಥಾನದಲ್ಲೇ ಕೂತಿರುತ್ತಿದ್ದರು. ಈ ಸಲ ಮಗನ ಎಡ ಪಕ್ಕದಲ್ಲಿ, ಒಂದು ಕೈ ಕಂಬಿಯ ಮೇಲೆ ಇನ್ನೊಂದು ಅವನ ತೋಳಿನ ಮೇಲೆ ಇಟ್ಟುಕೊಂಡು ಹತ್ತಿದರು. ವಯಸ್ಸಾಯಿತು, ಆಸರೆ ಬೇಕು ಎಂದುಕೊಂಡೆ. ನಾನು ಹಿಂದಿದ್ದೆ. ಹಾಗಾಗಿ ಅವನು ಬೀಳುವುದಿದ್ದರೆ ಅತ್ತೆಯನ್ನೂ ಎಳೆದುಕೊಂಡು ನನ್ನ ಮೇಲೆಯೇ ಬೀಳುತ್ತಿದ್ದ. ಪ್ರತಿ ತಿರುವಿನಲ್ಲೂ ಇದೇ ಲೆಕ್ಕಾಚಾರ.

ನಡುದಾರಿಯಲ್ಲಿ ಒಳಕಲ್ಲು ತೀರ್ಥ ಸಿಗುತ್ತದೆ. ಬಂಡೆಯೊಳಗೆ ಒಂದು ಕಿರಿದಾದ ತೂತು. ಬಗ್ಗಿ ಭುಜದವರೆಗೂ ಕೈ ಹಾಕಿದರೆ ತಳದಲ್ಲಿ ನೀರು ಸಿಗಬೇಕು. ಸಿಕ್ಕವರಿಗೆ ಪುಣ್ಯ ಎನ್ನುತ್ತಾರೆ. ಹುಡುಗಿಗೆ ಸಿಕ್ಕಲಿಲ್ಲ. ನನಗೆ ಸಿಕ್ಕಿತೋ ಇಲ್ಲವೋ ಹೇಳಲಾರೆ, ತಣ್ಣಗಿದ್ದದ್ದು ನೀರೋ ಕಲ್ಲೋ ತಿಳಿಯಲಿಲ್ಲ. ಆಮೇಲೆ ನನ್ನ ಗಂಡ ಬಗ್ಗಿದ. ಕೈ ಪೂರ್ತಿ ಒಳಗೆ, ಕೆನ್ನೆ ಬಂಡೆಗೆ ಒತ್ತಿಕೊಂಡು, ಮುಖ ಗೋಡೆಯ ಕಡೆಗೆ. ನನಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು.

"ಸಿಕ್ತಾ ಮಾಮಾ?"

ಉತ್ತರವಿಲ್ಲ.

"ಮಾಮಾ, ಸಿಕ್ತಾ?"

ಬೆನ್ನು ಅಲುಗಲಿಲ್ಲ. ನಾನು ಮುಂದೆ ನುಗ್ಗಿ ಅವನ ಅಂಗಿ ಹಿಡಿದು ಜಗ್ಗಿದೆ. "ಏಯ್! ಏನಾಯ್ತೋ? ಮಾತಾಡೋ!" ಅತ್ತೆಯ ಮುಂದೆ ನಾನು ಅವನನ್ನು ಹಾಗೆ ಕರೆದದ್ದು ಅದೇ ಮೊದಲು. ಅವನು ಒದ್ದೆ ಬೆರಳು ಹೊರಗೆ ತೆಗೆದು ಹುಡುಗಿಯ ಮುಖಕ್ಕೆ ನೀರು ಚಿಮುಕಿಸಿ ನಕ್ಕ. ತಮಾಷೆಗೆ ಸುಮ್ಮನಿದ್ದನಂತೆ. ಸಾಲಿನಲ್ಲಿ ನಿಂತವರೂ ನಕ್ಕರು. ಅತ್ತೆ ನಗಲಿಲ್ಲ. ಅವರ ಕೈ ಅಷ್ಟು ಹೊತ್ತಿಗಾಗಲೇ ಅವನ ತಲೆಯ ಕೆಳಗೆ ಚಾಚಿತ್ತು ಎಂದು ನನಗೆ ನೆನಪು. ಆದರೆ ಇದನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು.

ಅಲ್ಲಿಂದ ಮೇಲೆ ತುದಿಯ ನಂದಿಯವರೆಗೆ ಹೋಗುವುದು ಬೇಡ, ನನಗೆ ಸುಸ್ತು ಎಂದೆ. "ಅತ್ತೆ ಯಾವಾಗ್ಲೂ ಹಿಂಗೇ" ಎಂದು ಹುಡುಗಿ ನನ್ನನ್ನು ನೋಡಿ ಮುಖ ಊದಿಸಿಕೊಂಡಳು. ಆಶ್ಚರ್ಯವೆಂದರೆ, ನನ್ನ ಅತ್ತೆ ನನ್ನ ಪರ ನಿಂತರು. ಇಳಿದೆವು. ಕಡಿದಾದ ಭಾಗ ಮುಗಿದು ಅಗಲವಾದ ಮೆಟ್ಟಿಲುಗಳು ಬಂದಾಗ ನನಗೆ ಮೊದಲ ಸಲ ಉಸಿರು ಸರಾಗವಾಯಿತು. ಒಂದು ಮಂಟಪದ ನೆರಳಿನಲ್ಲಿ ಕೂತು ಉಪ್ಪು ಖಾರ ಹಚ್ಚಿದ ಸೌತೆಕಾಯಿ ತಿಂದೆವು. ಇನ್ನು ಭಯವಿಲ್ಲ, ನೆಲ ಬಂತು ಎಂದುಕೊಂಡೆ. ಅಷ್ಟರಲ್ಲಿ ಕೋತಿಯೊಂದು ಹುಡುಗಿಯ ಕೈಯಿಂದ ಜ್ಯೂಸ್ ಬಾಟಲಿ ಕಿತ್ತುಕೊಂಡು ಕಂಬ ಏರಿತು. ಮುಚ್ಚಳ ತಿರುಗಿಸಿ ತೆಗೆದು ಮನುಷ್ಯರ ಹಾಗೆಯೇ ಎತ್ತಿ ಕುಡಿಯಿತು. ನಾನೂ ಹುಡುಗಿಯೂ ಬಿದ್ದು ಬಿದ್ದು ನಕ್ಕೆವು.

ತಿರುಗಿದಾಗ ಅವನು ಬಿದ್ದಿದ್ದ.

ಬಿದ್ದಿದ್ದ ಎನ್ನುವುದೂ ತಪ್ಪು. ಅತ್ತೆ ಅವನನ್ನು ಆಗಲೇ ಮಲಗಿಸಿಯಾಗಿತ್ತು. ಒಂದು ಪಕ್ಕಕ್ಕೆ ಹೊರಳಿಸಿ, ಸೆರಗು ಮಡಿಸಿ ತಲೆಯಡಿ ಕೊಟ್ಟು, ಕಾಲರ್ ಗುಂಡಿ ಬಿಚ್ಚುತ್ತಿದ್ದರು. ಅವನ ಕೈಕಾಲು ಸೆಟೆದು ಬಡಿದುಕೊಳ್ಳುತ್ತಿದ್ದವು. ನಾನು ಅವನ ಕೈ ಅದುಮಿ ಹಿಡಿಯಲು ಹೋದೆ.

"ಹಿಡ್ಕೋಬೇಡಮ್ಮ" ಎಂದರು, ಅಡುಗೆಮನೆಯಲ್ಲಿ ಹಾಲು ಉಕ್ಕುತ್ತೆ ನೋಡು ಎನ್ನುವ ದನಿಯಲ್ಲಿ. "ಅದಾಗೇ ನಿಲ್ಲುತ್ತೆ."

ಜನ ಸೇರಿದರು. "ಅಜ್ಜಿ, ತಗೊಳ್ಳಿ, ಬೈಕ್ ಕೀ ಕೈಲಿಡಿ" ಎಂದು ಒಬ್ಬ ಹುಡುಗ ಚಾಚಿದ. "ಈರುಳ್ಳಿ ಮೂಸ್ಸಿ!" ಎಂದರು ಇನ್ಯಾರೋ.

"ಏನೂ ಬೇಡಪ್ಪ. ಗಾಳಿ ಬಿಡಿ ಸಾಕು."

ನಿಂತಿತು. ಅವನ ಬಾಯಂಚಿನ ಜೊಲ್ಲು ಒರೆಸಿ, ಬೆನ್ನು ನೀವುತ್ತ, "ಆಯ್ತು ಕಂದ, ಆಯ್ತು, ಹೋಯ್ತು" ಎಂದರು. ನಾನು ಆ ಕೈಗಳನ್ನೇ ನೋಡುತ್ತಿದ್ದೆ. ಅವು ಎಲ್ಲಿಯೂ ತಡವರಿಸಿರಲಿಲ್ಲ. ಮೊದಲ ಸಲ ಮಾಡುವವರ ಕೈ ಹಾಗಿರುವುದಿಲ್ಲ.

ಅವನು ಕಣ್ಣು ಬಿಟ್ಟು, ನಮ್ಮ ಗುರುತು ಹಿಡಿದು, ಇಬ್ಬರ ಹೆಗಲ ಮೇಲೆ ಕೈ ಹಾಕಿ ನಿಧಾನವಾಗಿ ಇಳಿಯುವವರೆಗೂ ನಾನು ಏನೂ ಕೇಳಲಿಲ್ಲ. ಕಾರಿನಲ್ಲಿ ಅವನು ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಮಲಗಿದ. ಹುಡುಗಿ ನನ್ನ ಪಕ್ಕ ಬೆಲ್ಟ್ ಹಿಡಿದುಕೊಂಡು, ಒಂದೂ ಮಾತಿಲ್ಲದೆ ಕೂತಿದ್ದಳು.

"ನಿಮಗೆ ಗೊತ್ತಿತ್ತಾ ಅತ್ತೆ?"

"ಚಿಲಕ ಹಾಕ್ತಿಲ್ಲ ಅಂದಾಗ್ಲೇ ಅನುಮಾನ ಬಂತು. ಅದಕ್ಕೇ ಮಂಡಿ ನೋವಿದ್ರೂ ಹತ್ತಿದ್ದು." ಮಗನ ತಲೆ ಸವರಿದರು. "ಇವ್ನಿಗೆ ಏಳು ವರ್ಷ ಆಗೋವರ್ಗೂ ಬರ್ತಿತ್ತು. ಆಮೇಲೆ ನಿಂತೋಯ್ತು. ಹೋಗೇ ಬಿಡ್ತು ಅಂದ್ಕೊಂಡೆ."

ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ: "ನಂಗ್ಯಾಕೆ ಹೇಳ್ಲಿಲ್ಲ?"

"ಹೆಸರೆತ್ತಿದ್ರೆ ತಿರುಗಿ ಬರುತ್ತೆ ಅಂತ ನಮ್ಮತ್ತೆ ಹೇಳಿದ್ರು ಕಣೋ. ನಾನು ಯಾರ ಹತ್ರಾನೂ ಎತ್ತಲಿಲ್ಲ. ನಿನ್ ಮದುವೇಲೂ ಎತ್ತಲಿಲ್ಲ." ಆಮೇಲೆ ಕನ್ನಡಿಯಲ್ಲಿ ನನ್ನ ಕಣ್ಣು ನೋಡಿ, "ನೀವಿಬ್ರು ನಂಗೆ ಹೇಳಿದ್ರಾ?"

ನನಗೆ ಸಿಟ್ಟು ಬಂದಿತ್ತು. ಮಾರ್ಚ್‌ನಲ್ಲೇ ಈ ಮಾತು ಡಾಕ್ಟರಿಗೆ ತಿಳಿದಿದ್ದರೆ ಅಂದೇ ಮಾತ್ರೆ ಶುರುವಾಗುತ್ತಿತ್ತೇನೋ. ಆದರೆ ನಾವು ಒಂದು ಫೋನ್ ಮಾಡಿ ಕೇಳಿದ್ದರೆ ಅವರು ಅಂದೇ ಹೇಳುತ್ತಿದ್ದರೇನೋ. ರಸ್ತೆಯ ಕಡೆ ನೋಡುತ್ತ ಕಾರು ಓಡಿಸಿದೆ. ಲಾರಿಗಳು ತುಂಬ ಹತ್ತಿರ ಬರುತ್ತಿವೆ ಎನ್ನಿಸುತ್ತಿತ್ತು.

ಮಾರನೇ ದಿನ ಡಾಕ್ಟರ ಎದುರು ಮೂವರೂ ಕೂತೆವು. ಅವರು ಅದೇ ಪ್ರಶ್ನೆ ಕೇಳಿದರು. ಈ ಸಲ ಉತ್ತರ ಅತ್ತೆಯದು.

"ಮೊದಲು ಮಾತು ನಿಲ್ಲುತ್ತೆ. ಆಮೇಲೆ ಮುಖ ಎಡಕ್ಕೆ ವಾಲುತ್ತೆ, ಯಾರೋ ಕರೆದಂಗೆ. ಆಮೇಲೆ ಎಡಗೈ. ಆಮೇಲೆ ಎಲ್ಲಾ. ಚಿಕ್ಕವನಿದ್ದಾಗ್ಲೂ ಹಂಗೇ, ನಿನ್ನೇನೂ ಹಂಗೇ."

"ಜ್ವರ ಇದ್ದಾಗ ಮಾತ್ರಾನಾ ಅಮ್ಮ?"

"ಇಲ್ಲಪ್ಪ. ಆಟ ಆಡ್ತಾ ಇದ್ದಾಗ್ಲೂ."

ಡಾಕ್ಟರ್ ಬರೆದುಕೊಂಡರು, ಮಾತ್ರೆ ಶುರು ಮಾಡಿದರು. ಹೊರಗೆ ಬಂದಾಗ ಗಂಡ, "ನೀನೂ ಎಡಕ್ಕೆ ಅಂತಾನೇ ಹೇಳಿದ್ದೆ ಅಲ್ವಾ? ಸರಿಯಾಗೇ ನೋಡಿದ್ದೆ" ಎಂದ. ನನ್ನನ್ನು ಸಮಾಧಾನ ಮಾಡುವುದು ಅವನ ಉದ್ದೇಶ. ಆದರೆ ಈಗ ತಾರಸಿಯನ್ನು ನೆನೆಸಿಕೊಂಡರೆ ಅಲ್ಲಿ ಅವನ ಮುಖ ಯಾರೋ ಕರೆದ ಹಾಗೆ ಎಡಕ್ಕೆ ವಾಲುವುದು ಸ್ಪಷ್ಟವಾಗಿ ಕಾಣುತ್ತದೆ. ನಾನು ಮೇಲೆ ಹೋಗುವ ಮೊದಲೇ ಅವನು ಬಿದ್ದಿದ್ದ. ಅದನ್ನು ನಾನು ನೋಡಿರಲು ಸಾಧ್ಯವೇ ಇಲ್ಲ.

ಅತ್ತೆ, ಹುಡುಗಿ ಹಾಸನಕ್ಕೆ ಹಿಂತಿರುಗಿದ್ದಾರೆ. ಅತ್ತೆ ದಿನಾ ಬೆಳಿಗ್ಗೆ ಫೋನ್ ಮಾಡುತ್ತಾರೆ. ಕಾಫಿ ಆಯ್ತಾ, ಮಳೆ ಬಂತಾ ಎಂದು ಕೇಳಿ ಕೊನೆಗೆ, "ನುಂಗಿದ್ನಾ?" ಎನ್ನುತ್ತಾರೆ. ಹೆಸರು ಈಗಲೂ ಎತ್ತುವುದಿಲ್ಲ. ನಾನೂ "ನುಂಗಿದ್ರು ಅತ್ತೆ" ಎನ್ನುತ್ತೇನೆ, ಅಷ್ಟೇ. ಶಿವಗಂಗೆಯಿಂದ ಈಚೆಗೆ ಮತ್ತೆ ಬಂದಿಲ್ಲ.

ಸ್ಕೂಟರ್ ಈಗ ನನ್ನದು. ಅವನನ್ನು ಹಿಂದೆ ಕೂರಿಸಿಕೊಂಡು ಬೆಳಿಗ್ಗೆ ಮೆಟ್ರೋ ಸ್ಟೇಷನ್ನಿಗೆ ಬಿಡುತ್ತೇನೆ. ಅವನು ಎರಡೂ ಕೈಯಲ್ಲಿ ನನ್ನ ಸೊಂಟ ಹಿಡಿದುಕೊಳ್ಳಬೇಕು ಎಂಬುದು ನನ್ನ ಷರತ್ತು. ಓಡಿಸುವಾಗ ಅವನ ಮುಖ ನನಗೆ ಕಾಣುವುದಿಲ್ಲ, ಹಿಡಿತ ಮಾತ್ರ ತಿಳಿಯುತ್ತದೆ. ನಿನ್ನೆ ಹಾವನೂರು ಸರ್ಕಲ್ ದಾಟಿದ ಮೇಲೆ ಎಡಗೈ ಸಡಿಲವಾಯಿತು. ಹಿಂದಿನಿಂದ ಆಟೋದವನು ಹಾರ್ನ್ ಹೊಡೆಯುತ್ತಿದ್ದರೂ ಪಕ್ಕಕ್ಕೆ ಎಳೆದು ನಿಲ್ಲಿಸಿದೆ. ತಿರುಗುವ ಧೈರ್ಯ ಬರಲಿಲ್ಲ.

"ಮಾತಾಡು" ಎಂದೆ.

"ಮೂಗು ಕೆರ್ಕೊಳ್ತಿದ್ದೆ ಕಣೇ" ಎಂದ. ನಾನು ಇನ್ನೂ ಹೊರಡದೆ ಇರುವುದನ್ನು ನೋಡಿ, ಕೈಯನ್ನು ಮತ್ತೆ ಸೊಂಟಕ್ಕೆ ತಂದು ಒಮ್ಮೆ ಗಟ್ಟಿಯಾಗಿ ಒತ್ತಿದ.